ರೋಬೋಟ್ ಕೈ ಹೊಲದ ಕೆಲಸಕ್ಕೆ ಆಗುತ್ತಾ? ಗ್ರೂಪಿನ ಪ್ರಶ್ನೋತ್ತರ

ಅಡ್ಮಿನ್: ಕಲಬುರಗಿಯ ಕೃತಕ ಕೈಕಾಲು ತಜ್ಞರು ಇವತ್ತು ಗ್ರೂಪಿನಲ್ಲಿದ್ದಾರೆ. ರೋಬೋಟ್ ಕೈಕಾಲಿನ ಬಗ್ಗೆ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ಹುಮನಾಬಾದ್ ಅಣ್ಣ: ನಮಸ್ಕಾರ ಸರ್. ರೇಟ್ ಎಷ್ಟು?

ತಜ್ಞ: ನಮಸ್ಕಾರ. ಎಲ್ಲಿಗೆ ಕಟ್ ಆಗಿದೆ ನೋಡದೆ ಹೇಳಲು ಆಗುವುದಿಲ್ಲ ರೀ.

ಸೇಡಂ ಹುಡುಗ: ಸರ್, ನನಗೆ 24. ಹೋದ ವರ್ಷ ತೊಗರಿ ರಾಶಿ ಮಷಿನ್‌ಗೆ ಬಲಗೈ ಸಿಕ್ಕಿತು. ಮೊಣಕೈ ಕೆಳಗೆ ಅರ್ಧ ಗೇಣು ಉಳಿದಿದೆ. ಇಲ್ಲದ ಬೆರಳು ರಾತ್ರಿ ಉರಿಯುತ್ತವೆ. ರೋಬೋಟ್ ಕೈ ಹಾಕಿದರೆ ಹೊಲದ ಕೆಲಸ ಆಗುತ್ತಾ?

ತಜ್ಞ: ತಮ್ಮಾ, ಮೊದಲು ಉರಿ. ಅದು ಭ್ರಮೆ ಅಲ್ಲ. ಕೈ ಹೋದರೂ ಮಿದುಳಿನಲ್ಲಿ ಅದರ ಜಾಗ ಹಾಗೇ ಇರುತ್ತದೆ. ಇರುವ ಕೈಯ ಬಿಂಬವನ್ನು ಕನ್ನಡಿಯಲ್ಲಿ ನೋಡುತ್ತಾ ಮಾಡುವ ವ್ಯಾಯಾಮ ಇದೆ, 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಶುರು ಮಾಡಿದ್ದು. ಎಲ್ಲರಿಗೂ ಗುಣ ಕೊಡುವುದಿಲ್ಲ, ಆದರೆ ಖರ್ಚೂ ಇಲ್ಲ.

ಈಗ ಒಂದು ಕೆಲಸ ಮಾಡು. ಉಳಿದ ತುಂಡನ್ನು ಎಡಗೈಯಿಂದ ಹಿಡಿದುಕೋ. ಇಲ್ಲದ ಮುಷ್ಟಿಯನ್ನು ಮನಸ್ಸಿನಲ್ಲೇ ಬಿಗಿ ಮಾಡು, ಆಮೇಲೆ ಬಿಚ್ಚು. ಒಳಗಡೆ ಒಂದು ಸ್ನಾಯು, ಹೊರಗಡೆ ಒಂದು ಸ್ನಾಯು ಎದ್ದ ಹಾಗೆ ಅನ್ನಿಸುತ್ತಾ? ಆ ಸ್ನಾಯು ಹುಟ್ಟಿಸುವ ಸಣ್ಣ ಕರೆಂಟನ್ನೇ ಸಾಕೆಟ್ (ಉಳಿದ ತುಂಡಿಗೆ ತೊಡಿಸುವ ಚಿಪ್ಪು) ಒಳಗೆ ಚರ್ಮಕ್ಕೆ ತಾಗಿರುವ ಎಲೆಕ್ಟ್ರೋಡ್ ಹಿಡಿದು ಮೋಟರ್‌ಗೆ ಕಳಿಸುತ್ತದೆ. ರೋಬೋಟ್ ಕೈ ಅಂದರೆ ಇಷ್ಟೇ. ಬಾಟಲಿ ಹಿಡಿಯಬಹುದು, ಗುಂಡಿ ಹಾಕಿಕೊಳ್ಳಬಹುದು. ಆದರೆ ಅದಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ, ಕಣ್ಣಿಟ್ಟು ನೋಡುತ್ತಲೇ ಹಿಡಿಯಬೇಕು. ನಮ್ಮ ಬಿಸಿಲಿಗೆ ಬೆವರು ಇಳಿದರೆ ಸಿಗ್ನಲ್ ತಪ್ಪುತ್ತದೆ. ರಾಶಿಯ ಧೂಳು ಮೋಟರ್‌ಗೆ ವೈರಿ. ಹೊಲಕ್ಕೆ ಭುಜದ ಬೆಲ್ಟಿನಿಂದ ಎಳೆಯುವ ಕೊಕ್ಕೆ ಕೈ ಇಟ್ಟುಕೋ. ಊರಿಗೆ, ಆಫೀಸಿಗೆ ರೋಬೋಟ್ ಕೈ.

ಮುಂದೆ ಏನು ಬರುತ್ತೆ ಅನ್ನುವುದೂ ಕೇಳು. ಅಮೆರಿಕದ ಷಿಕಾಗೋದಲ್ಲಿ ವೈದ್ಯ ಟಾಡ್ ಕ್ಯೂಕೆನ್ ತಂಡ ಹೋದ ಕೈಯ ನರಗಳನ್ನು ಎದೆಯ ಸ್ನಾಯುಗಳಿಗೆ ಜೋಡಿಸಿತು. ಭುಜದಿಂದಲೇ ಕೈ ಹೋದವರು ‘ಮುಷ್ಟಿ’ ಅಂದುಕೊಂಡರೆ ಎದೆಯಲ್ಲಿ ಸಿಗ್ನಲ್ ಏಳುತ್ತದೆ! ಸ್ವೀಡನ್‌ನಲ್ಲಿ ಮೂಳೆಗೇ ಟೈಟಾನಿಯಂ ಕೂರಿಸಿ ಸಾಕೆಟ್ಟೇ ಬೇಡ ಅನ್ನುವ ವಿಧಾನ 1990ರಿಂದ ಇದೆ. ಸ್ಪರ್ಶವನ್ನು ನರಕ್ಕೆ ವಾಪಸ್ ಕಳಿಸುವ ಪ್ರಯೋಗವೂ ನಡೆದಿದೆ. ನನಗೆ ಆಸೆ ಇರುವುದು ಅದರ ಮೇಲೆ.

ಹುಮನಾಬಾದ್ ಅಣ್ಣ: ಸರ್, ಅಂದಾಜು ರೇಟ್ ಆದರೂ?

ತಜ್ಞ: ಮೇಲೆ ಹೇಳಿದೆ.

ಶಹಾಪುರ ಅಕ್ಕ: ಅಪ್ಪಾಜಿಗೆ ಶುಗರ್ ಆಗಿ ಮೊಣಕಾಲ ಕೆಳಗೆ ತೆಗೆದರು. ಕಂಪ್ಯೂಟರ್ ಮಂಡಿ ಹಾಕಿಸಬೇಕಾ?

ತಜ್ಞ: ಅವರ ಮಂಡಿ ಅವರಿಗೇ ಇದೆಯಲ್ಲಮ್ಮ! ಅದು ಮಂಡಿಯ ಮೇಲೆ ಕಟ್ ಆದವರಿಗೆ. ಎಡವಿದರೆ ತಾನೇ ಬಿಗಿಯಾಗಿ ಬೀಳದಂತೆ ತಡೆಯುತ್ತದೆ. ಉಳಿದ ಕಾಲಿನ ಅಂಗಾಲಿನಲ್ಲಿ ಗಾಯ ಇದೆಯಾ ಅಂತ ದಿನಾ ರಾತ್ರಿ ನೋಡಿ.

ಜೇವರ್ಗಿ ಕಾಕಾ: ಫಾರ್ವರ್ಡ್ ಬಂದದ್ದು: ಎಕ್ಕದ ಎಲೆ ಬಿಸಿ ಮಾಡಿ ಕಟ್ ಆದ ಜಾಗಕ್ಕೆ 21 ದಿನ ಕಟ್ಟಿ, ನರ ಮತ್ತೆ ಬೆಳೆಯುತ್ತೆ. ಶೇರ್ ಮಾಡಿ.

ತಜ್ಞ: ಮಾಡಬೇಡಿ. ಎಕ್ಕದ ಹಾಲು ಚರ್ಮ ಸುಡುತ್ತದೆ. ಶುಗರ್ ಇದ್ದ ಎಷ್ಟೋ ಜನರಿಗೆ ಬಿಸಿ ಗೊತ್ತಾಗುವುದೇ ಇಲ್ಲ. ಗಾಯ ಆದರೆ ಕೃತಕ ಕಾಲು ಹಾಕುವ ಹಾಗಿಲ್ಲ, ಇನ್ನೂ ಮೇಲೆ ಕಟ್ ಮಾಡುವ ಪ್ರಸಂಗ ಬರಬಹುದು.

ಜೇವರ್ಗಿ ಕಾಕಾ: ನಮ್ಮ ಹಿರಿಯರು ದಡ್ಡರಾ?

ತಜ್ಞ: ಹಿರಿಯರು ವಾಟ್ಸಾಪ್‌ನಲ್ಲಿ ಇರಲಿಲ್ಲ.

ಯಾದಗಿರಿ ಗೆಳೆಯ: ಕೃತಕ ಕಾಲಿನಲ್ಲಿ ಬೈಕ್ ಲೈಸೆನ್ಸ್ ಸಿಗುತ್ತಾ?

ಬೀದರ್ ಮಾಸ್ತರ್: ಜೈಪುರ ಕಾಲು ಇರುವಾಗ ರೋಬೋಟ್ ಯಾಕೆ? 1968ರಿಂದ ನಡೆದು ಬಂದಿದೆ. ಚಕ್ಕಳಮಕ್ಕಳ ಹಾಕಿ ಕೂರಬಹುದು, ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಬಹುದು.

ಆಳಂದ ಇಂಜಿನಿಯರ್: ಮಾಸ್ತರೇ, ಓಬಿರಾಯನ ಕಾಲದ ಮಾತು ಬಿಡಿ. ನಮ್ಮ ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಶೇಷ ಸ್ಥಾನ ಬಂದರೂ ನಮ್ಮವರು ಇನ್ನೂ ಹೈದರಾಬಾದ್ ದಾರಿ ಹಿಡಿಯಬೇಕಾ?

ಬೀದರ್ ಮಾಸ್ತರ್: 371ಜೆ ಇರುವುದು ನೌಕರಿಗೆ, ಸೀಟಿಗೆ. ಕೈಕಾಲು ಹಂಚಲಿಕ್ಕೆ ಅಲ್ಲ.

ಆಳಂದ ಇಂಜಿನಿಯರ್: ನಿಮಗೆ ಸೀಟು ಸಿಕ್ಕಿತಲ್ಲ, ಹಾಗೇ ಮಾತಾಡ್ತೀರಿ.

ಬೀದರ್ ಮಾಸ್ತರ್: ಬಾಯಿ ಹಿಡಿತದಲ್ಲಿ ಇರಲಿ.

ಅಡ್ಮಿನ್: ಇಬ್ಬರೂ ಸುಮ್ನಿರಿ.

ಚಿಂಚೋಳಿ ಅಕ್ಕ: ಫ್ರೀ ಕ್ಯಾಂಪ್ ಯಾವಾಗ ರೀ?

ತಜ್ಞ: ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆದಾಯ ಪತ್ರ ಇರಲಿ.

ಹುಮನಾಬಾದ್ ಅಣ್ಣ: ಇಎಂಐ ಇದೆಯಾ?

ಸೇಡಂ ಹುಡುಗ: ಸರ್, ಹಿಡಿದು ನೋಡಿದೆ. ಒಳಗಡೆ ಎದ್ದಿತು. ಹೊರಗಡೆ ಏನೂ ಇಲ್ಲ.

ತಜ್ಞ: ಒಂದೇ ಸಿಕ್ಕರೂ ನಡೆಯುತ್ತದೆ. ಬಿಗಿ ಮಾಡಿದರೆ ಕೈ ತೆರೆಯುತ್ತೆ, ಸಡಿಲ ಬಿಟ್ಟರೆ ಮುಚ್ಚುತ್ತೆ, ಆ ತರಹದ ಸೆಟ್ಟಿಂಗ್ ಇದೆ. ಸೋಮವಾರ ಬಾ. ಆಪರೇಷನ್ ಕಾಗದ ತಗೊಂಡು ಬಾ, ಎಣ್ಣೆ ಹಚ್ಚಿಕೊಂಡು ಬರಬೇಡ.