ಸ್ಕೂಲ್ ನೀರಿನಲ್ಲಿ ಸೀಸ "ಗರಿಷ್ಠ 22" ಅಂತ ಇಮೇಲ್ ಬಂದಿದೆ, ಗಾಬರಿ ಬೇಡ ಅಂತಾರೆ. ಇದನ್ನ ಹೇಗೆ ಓದಬೇಕು?

ಇಬ್ಬರು ಮಕ್ಕಳ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದಲ್ಲಿ. ನಿನ್ನೆ ಸಂಜೆ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ (ಈ ಭಾಗದ ಸರ್ಕಾರಿ ಸ್ಕೂಲುಗಳನ್ನ ನಡೆಸುವ ಸಂಸ್ಥೆ) ಇಮೇಲ್ ಬಂತು. ಎಲ್ಲಾ ಸ್ಕೂಲುಗಳ ಕುಡಿಯುವ ನೀರಿನಲ್ಲಿ ಸೀಸ ಎಷ್ಟಿದೆ ಅಂತ ಟೆಸ್ಟ್ ಮಾಡಿಸಿದ್ದಾರಂತೆ. ಬಹುಪಾಲು ನಲ್ಲಿಗಳು ಸರಿ ಇವೆ, ಡಿಸ್ಟ್ರಿಕ್ಟ್‌ನ ಸರಾಸರಿ ಮಿತಿಯೊಳಗಿದೆ, ಗಾಬರಿ ಬೇಡ ಅಂತ ಬರೆದಿದ್ದಾರೆ. ಕೆಳಗೆ ಒಂದು ಪಟ್ಟಿ. ಅದರಲ್ಲಿ ನನ್ನ ಮಗಳ ಸ್ಕೂಲ್ ಹೆಸರು, ಪಕ್ಕದಲ್ಲಿ "ಗರಿಷ್ಠ 22 ಪಿಪಿಬಿ". ಅಷ್ಟೇ. ಯಾವ ನಲ್ಲಿ, ಯಾವ ರೂಮು, ಏನೂ ಇಲ್ಲ.

ಮಗಳು ಎರಡನೇ ಕ್ಲಾಸು. ಕಟ್ಟಡ 1960ರ ದಶಕದ್ದು. ಅವಳ ಕ್ಲಾಸಿನ ಹಿಂದೆ ಒಂದು ಸಿಂಕ್ ಇದೆ, ಪಕ್ಕದಲ್ಲೇ ಬಗ್ಗಿ ಕುಡಿಯುವ ಸಣ್ಣ ನಲ್ಲಿ. ದಿನವೂ ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾಳೆ. ಚಿಕ್ಕವನೂ ಈ ವರ್ಷ ಅದೇ ಸ್ಕೂಲಿಗೆ ಸೇರುತ್ತಾನೆ.

22 ಅಂದರೆ ಎಷ್ಟು ಕೆಟ್ಟದ್ದು? ಸರಾಸರಿ ಸರಿ ಇದೆ ಅನ್ನುವುದನ್ನ ನಂಬಬಹುದಾ? ಪ್ರಿನ್ಸಿಪಾಲ್ ಹತ್ತಿರ ಏನು ಕೇಳಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುಮ್ನೆ ಓದುವವ:

ನೀರನ್ನ ಕುದಿಸಿ ಆರಿಸಿ ಬಾಟಲಿಗೆ ಹಾಕಿ ಕಳಿಸಿ, ಮುಗೀತು. ಇಷ್ಟಕ್ಕೆಲ್ಲ ಪ್ರಿನ್ಸಿಪಾಲ್ ತನಕ ಯಾಕೆ ಹೋಗ್ತೀರಿ?

ನೀರಿನ ಲ್ಯಾಬ್‌ನವ:

ಮೇಡಂ, ನನ್ನ ಕೆಲಸವೇ ಇದು. ಸ್ಕೂಲುಗಳಿಂದ ಸ್ಯಾಂಪಲ್ ತರುವುದು, ಲ್ಯಾಬಿನಲ್ಲಿ ಅಳೆಯುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಮೊದಲು ಮೇಲಿನವರಿಗೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾಗುತ್ತದೆ, ಸೀಸ ಅಷ್ಟೇ ಉಳಿಯುತ್ತದೆ. ಅಂದರೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿ. ಬಿಸಿನೀರಿನ ನಲ್ಲಿಯಿಂದ ಹಿಡಿದ ನೀರನ್ನಂತೂ ಕುಡಿಯುವುದಕ್ಕೂ ಅಡುಗೆಗೂ ಬಳಸಲೇಬೇಡಿ. ಬಿಸಿನೀರು ಪೈಪಿನಿಂದ ಸೀಸವನ್ನ ಬೇಗ ಕರಗಿಸಿಕೊಂಡು ಬರುತ್ತದೆ.

ಈಗ "ಸರಾಸರಿ" ವಿಷಯ. ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಸ್ಕೂಲ್ ನೀರಿನಲ್ಲಿ ಸೀಸ ಸಾಮಾನ್ಯವಾಗಿ ನೀರು ಶುದ್ಧ ಮಾಡುವ ಘಟಕದಿಂದ ಬರುವುದಿಲ್ಲ. ಕಟ್ಟಡದ ಒಳಗಿನ ಪೈಪು, ಬೆಸುಗೆ, ಹಿತ್ತಾಳೆ ನಲ್ಲಿ ಇವುಗಳಿಂದ ಬರುತ್ತದೆ. ಹಾಗಾಗಿ ಒಂದೇ ಕಾರಿಡಾರಿನಲ್ಲಿ ಒಂದು ನಲ್ಲಿ 1 ತೋರಿಸಿದರೆ ಪಕ್ಕದ್ದು 40 ತೋರಿಸಬಹುದು. ಇವೆರಡರ ಸರಾಸರಿ ತೆಗೆದು ಯಾರಿಗೆ ಏನು ಉಪಯೋಗ? ನಿಮ್ಮ ಮಗಳು ಸರಾಸರಿ ನಲ್ಲಿಯಲ್ಲಿ ಬಾಟಲಿ ತುಂಬಿಸುವುದಿಲ್ಲ, ಕ್ಲಾಸಿನ ಹಿಂದಿನ ಆ ಒಂದು ನಲ್ಲಿಯಲ್ಲಿ ತುಂಬಿಸುತ್ತಾಳೆ. ಆ ನಲ್ಲಿಯ ಸಂಖ್ಯೆ ನಿಮಗೆ ಬೇಕು. ಬೇರೆ ಯಾವುದೂ ಬೇಡ.

ಕಟ್ಟಡ 60ರ ದಶಕದ್ದು ಅಂದಿರಿ. ಕುಡಿಯುವ ನೀರಿನ ಪೈಪಿಗೆ ಸೀಸದ ಬೆಸುಗೆ ಹಾಕುವುದನ್ನ ಇಲ್ಲಿ ನಿಷೇಧಿಸಿದ್ದು 1986ರಲ್ಲಿ. ಆಮೇಲೂ "ಸೀಸಮುಕ್ತ" ಅಂತ ಮಾರುತ್ತಿದ್ದ ನಲ್ಲಿಗಳ ಹಿತ್ತಾಳೆಯಲ್ಲಿ ಶೇಕಡ 8ರಷ್ಟು ಸೀಸ ಇರಬಹುದಿತ್ತು. ಅದನ್ನ ಶೇಕಡ 0.25ಕ್ಕೆ ಇಳಿಸಿದ ಕಾನೂನು ಜಾರಿಯಾಗಿದ್ದು 2014ರ ಜನವರಿಯಲ್ಲಿ. ಅಂದರೆ 2010ರಲ್ಲಿ ಹೊಸದಾಗಿ ಕಟ್ಟಿದ ಸ್ಕೂಲು ಅಂತ ಬೀಗುವ ಹಾಗೂ ಇಲ್ಲ.

22 ಎಷ್ಟು ಕೆಟ್ಟದ್ದು ಅಂತ ಕೇಳಿದಿರಿ. ಪಿಪಿಬಿ ಅಂದರೆ ಒಂದು ಲೀಟರ್ ನೀರಿನಲ್ಲಿ ಇಷ್ಟು ಮೈಕ್ರೋಗ್ರಾಂ. ಇಮೇಲಿನಲ್ಲಿ "ಮಿತಿ" ಅಂದಿದ್ದಾರಲ್ಲ, ಅದು ಬಹುಶಃ ಇಪಿಎ, ಅಂದರೆ ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಇಟ್ಟಿರುವ 15. ಆ 15 ಬಂದಿದ್ದು 1991ರ ನಿಯಮದಿಂದ, ಅದು ಇರುವುದು ನೀರು ಸರಬರಾಜು ಮಾಡುವ ಸಂಸ್ಥೆಗಳಿಗೆ. ಊರಿನ ಮನೆಗಳಿಂದ ಸ್ಯಾಂಪಲ್ ತೆಗೆದು, ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಮನೆಗಳಲ್ಲಿ 15 ದಾಟಿದರೆ ಸಂಸ್ಥೆ ಕ್ರಮ ತೆಗೆದುಕೊಳ್ಳಬೇಕು. ಪೈಪು ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುತ್ತಿದ್ದಾರಾ ಅಂತ ತಿಳಿಯುವ ಅಳತೆ ಅದು. 14 ಇದ್ದರೆ ಮಗುವಿಗೆ ಕ್ಷೇಮ ಅಂತ ಅದರ ಅರ್ಥವೇ ಅಲ್ಲ. 2024ರ ಅಕ್ಟೋಬರಿನ ಹೊಸ ನಿಯಮದಲ್ಲಿ ಅದನ್ನ 10ಕ್ಕೆ ಇಳಿಸಿದ್ದಾರೆ. ಆರೋಗ್ಯದ ಗುರಿ ಅಂತ ಇಪಿಎ ಇಟ್ಟುಕೊಂಡಿರುವುದು ಸೊನ್ನೆ. ಇಲ್ಲಿನ ಮಕ್ಕಳ ಡಾಕ್ಟರುಗಳ ಅಕಾಡೆಮಿ 2016ರಲ್ಲಿ ಹೇಳಿದ್ದು, ಸ್ಕೂಲಿನ ಕುಡಿಯುವ ನಲ್ಲಿಯಲ್ಲಿ 1 ಪಿಪಿಬಿ ದಾಟಬಾರದು ಅಂತ. ಬಾಟಲಿ ನೀರಿಗೆ ಇರುವ ಮಿತಿ 5. ಈಗ 22ನ್ನ ಎಲ್ಲಿಡಬೇಕು ಅಂತ ನೀವೇ ನೋಡಿ.

ಹಾಗಂತ ಒಂದು ಲೋಟ ಕುಡಿದ ತಕ್ಷಣ ಮಗುವಿಗೆ ಏನೋ ಆಗಿಬಿಡುತ್ತದೆ ಅಂತಲ್ಲ. ದಿನಾ ದಿನಾ, ತಿಂಗಳುಗಟ್ಟಲೆ ಸೇರುವುದೇ ತೊಂದರೆ. ದೊಡ್ಡವರ ಹೊಟ್ಟೆ ಹೀರುವುದಕ್ಕಿಂತ ಚಿಕ್ಕ ಮಕ್ಕಳ ಹೊಟ್ಟೆ ಎಷ್ಟೋ ಪಟ್ಟು ಜಾಸ್ತಿ ಸೀಸ ಹೀರುತ್ತದೆ. ಖಾಲಿ ಹೊಟ್ಟೆಯಲ್ಲಿ ಇನ್ನೂ ಜಾಸ್ತಿ. ಕಬ್ಬಿಣದ ಅಂಶ ಕಮ್ಮಿ ಇರುವ ಮಗುವಿನಲ್ಲೂ ಹಾಗೇ. ಕಲಿಕೆ, ಗಮನ, ನಡವಳಿಕೆ ಇವುಗಳ ಮೇಲೆ ಪೆಟ್ಟು ಬೀಳುತ್ತದೆ, ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಅದಕ್ಕೇ "ಮಗಳು ಚೆನ್ನಾಗೇ ಇದ್ದಾಳಲ್ಲ" ಅಂತ ಸುಮ್ಮನಾಗಬೇಡಿ.

ಇನ್ನು ಏನು ಕೇಳಬೇಕು ಅನ್ನುವುದು. ಪ್ರತಿ ನಲ್ಲಿಯ ಫಲಿತಾಂಶ ಬಿಡಿಬಿಡಿಯಾಗಿ ಬೇಕು ಅನ್ನಿ, ಲ್ಯಾಬ್ ಕೊಟ್ಟ ಮೂಲ ರಿಪೋರ್ಟೇ ಬೇಕು ಅನ್ನಿ. ಅದರ ಜೊತೆ ಸ್ಯಾಂಪಲ್ ಹೇಗೆ ತೆಗೆದರು ಅಂತ ಕೇಳಿ. ಇದನ್ನ ಯಾರೂ ಕೇಳುವುದಿಲ್ಲ, ಆಟ ಇರುವುದೇ ಅಲ್ಲಿ.

ಸರಿಯಾದ ಕ್ರಮ ಹೀಗೆ. ನೀರು ಪೈಪಿನಲ್ಲಿ 8ರಿಂದ 18 ಗಂಟೆ ಅಲುಗಾಡದೆ ನಿಂತಿರಬೇಕು. ನಾವು ಬೆಳಿಗ್ಗೆ ಸ್ಕೂಲ್ ತೆರೆಯುವ ಮುಂಚೆ, ಇನ್ನೂ ಕತ್ತಲಿರುವಾಗಲೇ ಹೋಗುತ್ತೇವೆ. ಕಾವಲಿನವರಿಗೆ ಹಿಂದಿನ ದಿನವೇ ಹೇಳಿರುತ್ತೇವೆ, ನೆಲ ಒರೆಸುವುದಕ್ಕೆ ಅಂತ ಯಾವ ನಲ್ಲಿಯನ್ನೂ ತಿರುಗಿಸಬೇಡಿ ಅಂತ. ಕಾಲು ಲೀಟರಿನ ಬಾಯಗಲ ಬಾಟಲಿಯನ್ನ ನಲ್ಲಿಯ ಕೆಳಗೆ ಮೊದಲೇ ಹಿಡಿದು, ಆಮೇಲೆ ತಿರುಗಿಸುತ್ತೇವೆ. ಮಗು ತಿರುಗಿಸುವಷ್ಟೇ ತಿರುಗಿಸಬೇಕು, ಸಣ್ಣಗೂ ಬಿಡಬಾರದು. ಮೊದಲ ಹನಿಯೂ ಬಾಟಲಿಯೊಳಗೇ ಬೀಳಬೇಕು. ನಲ್ಲಿ ಬಾಯಿಯಲ್ಲಿರುವ ಸಣ್ಣ ಜಾಲರಿಯನ್ನ ಬಿಚ್ಚುವ ಹಾಗಿಲ್ಲ. ಬಿಚ್ಚಿ ತೊಳೆದರೆ ಅದರಲ್ಲಿ ಸಿಕ್ಕಿಕೊಂಡ ಬೆಸುಗೆಯ ಚೂರುಗಳು ಹೋಗಿಬಿಡುತ್ತವೆ, ರಿಪೋರ್ಟ್ ಚೆಂದ ಬರುತ್ತದೆ. ಹಿಂದಿನ ರಾತ್ರಿ ಎಲ್ಲಾ ನಲ್ಲಿಗಳನ್ನ ಹತ್ತು ನಿಮಿಷ ಹರಿಯಬಿಟ್ಟು ಬೆಳಿಗ್ಗೆ ಸ್ಯಾಂಪಲ್ ತೆಗೆದರೂ ಸಂಖ್ಯೆ ಇಳಿಯುತ್ತದೆ. ಟೆಸ್ಟಿಗೆ ಮುಂಚೆ ಹೀಗೆ ತೊಳೆದು ಇಡುವುದೆಂದರೆ ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಹಂಚಿದ ಹಾಗೆ.

ಇದರ ನಂತರ 30 ಸೆಕೆಂಡ್ ನೀರು ಬಿಟ್ಟು ಎರಡನೇ ಸ್ಯಾಂಪಲ್ ತೆಗೆಯಬೇಕು. ಮೊದಲನೆಯದು ಜಾಸ್ತಿ, ಎರಡನೆಯದು ಕಮ್ಮಿ ಬಂದರೆ ತೊಂದರೆ ನಲ್ಲಿಯಲ್ಲೇ ಅಥವಾ ಅದರ ಹತ್ತಿರದ ಜೋಡಣೆಯಲ್ಲಿ. ಎರಡೂ ಜಾಸ್ತಿ ಬಂದರೆ ಗೋಡೆಯೊಳಗಿನ ಪೈಪನ್ನ ನೋಡಬೇಕು. ಖರ್ಚು, ರಿಪೇರಿ ಎಲ್ಲ ಇದರ ಮೇಲೇ ನಿಂತಿದೆ. ನಿಮ್ಮ ಡಿಸ್ಟ್ರಿಕ್ಟ್ ಎರಡನೇ ಸ್ಯಾಂಪಲ್ ತೆಗೆಸಿದೆಯಾ ಕೇಳಿ.

ಅಲ್ಲಿಯ ತನಕ ಮನೆಯಿಂದ ನೀರು ಕಳಿಸಿ. ಕೈ ತೊಳೆಯುವುದಕ್ಕೆ ಹೆದರಬೇಡಿ, ಚರ್ಮದ ಮೂಲಕ ಸೀಸ ಒಳಗೆ ಹೋಗುವುದಿಲ್ಲ.

ಪಿಟಿಎ (ಪೋಷಕ-ಶಿಕ್ಷಕ ಸಂಘ) ಕಡೆಯಿಂದ:

ನಾನು ಬೇರೆ ಸ್ಟೇಟ್‌ನಲ್ಲಿದ್ದೇನೆ, ನಮ್ಮಲ್ಲೂ ಎರಡು ವರ್ಷದ ಹಿಂದೆ ಇದೇ ಕಥೆ. ಲ್ಯಾಬಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಫೋನಿನಲ್ಲಿ ಕೇಳಬೇಡಿ. ಇಮೇಲ್ ಬರೆಯಿರಿ, ಪ್ರಿನ್ಸಿಪಾಲ್‌ಗೆ ಮಾತ್ರ ಅಲ್ಲ, ಡಿಸ್ಟ್ರಿಕ್ಟ್‌ನಲ್ಲಿ ಕಟ್ಟಡಗಳನ್ನ ನೋಡಿಕೊಳ್ಳುವ ಫೆಸಿಲಿಟೀಸ್ ವಿಭಾಗಕ್ಕೆ. ಪಾಪ, ಪ್ರಿನ್ಸಿಪಾಲ್ ಹತ್ತಿರ ಆ ರಿಪೋರ್ಟ್ ಇರುವುದೇ ಇಲ್ಲ. ಸಾರ್ವಜನಿಕ ದಾಖಲೆ ಕೋರಿಕೆ ಅಂತ ಮೇಲೆ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ನಮಗೆ ಮೊದಲು ಬಂದಿದ್ದು ಒಂದು ಪುಟದ ಸಾರಾಂಶ. ಅದೇ ಇಮೇಲಿಗೆ "ಇದಲ್ಲ, ಲ್ಯಾಬಿನದ್ದು ಬೇಕು" ಅಂತ ಮತ್ತೆ ಬರೆದ ಮೇಲೆ ಪೂರ್ತಿ ಬಂತು.

ಇನ್ನೊಂದು, ಫಿಲ್ಟರ್. ಬಾಟಲಿ ತುಂಬಿಸುವ ಹೊಸ ಮಷಿನ್ ಹಾಕಿಸಿದ್ದೇವೆ ಅಂತ ಹೇಳಿದರೆ ಖುಷಿಪಡುವ ಮುಂಚೆ ಹತ್ತಿರ ಹೋಗಿ ನೋಡಿ. ಕೆಲವು ಮಷಿನ್‌ಗಳಲ್ಲಿ ಫಿಲ್ಟರೇ ಇರುವುದಿಲ್ಲ, ಸುಮ್ನೆ ತಣ್ಣಗೆ ಮಾಡಿ ಕೊಡುತ್ತವೆ. ಫಿಲ್ಟರ್ ಇದ್ದರೆ ಅದರ ಮೇಲೆ ಎನ್‌ಎಸ್‌ಎಫ್ 53 (ಫಿಲ್ಟರ್‌ಗಳಿಗೆ ಇರುವ ಒಂದು ಗುಣಮಟ್ಟದ ಗುರುತು), ಸೀಸಕ್ಕೆ ಅಂತ ಇರಬೇಕು. 42 ಅಂತ ಮಾತ್ರ ಇದ್ದರೆ ಅದು ಮುಖ್ಯವಾಗಿ ರುಚಿ, ವಾಸನೆಗೆ. ಹಸಿರು ದೀಪ ಉರಿಯುತ್ತಿದ್ದ ಮಾತ್ರಕ್ಕೂ ನಂಬಬೇಡಿ. ಆ ದೀಪ ನೀರಿನಲ್ಲಿ ಸೀಸ ಇದೆಯಾ ಅಂತ ನೋಡುವುದಿಲ್ಲ, ಎಷ್ಟು ನೀರು ಹರಿಯಿತು ಅಂತ ಲೆಕ್ಕ ಇಡುತ್ತದೆ ಅಷ್ಟೇ. ಕಾರ್ಟ್ರಿಜ್ ಬದಲಿಸದೆ ಬರೀ ರೀಸೆಟ್ ಒತ್ತಿದರೂ ಕೆಂಪು ಹೋಗಿ ಹಸಿರು ಬರುತ್ತದೆ! ಕಾರ್ಟ್ರಿಜ್ ಬದಲಿಸಿದ ದಿನಾಂಕ ಮಷಿನ್ ಮೇಲೇ ಬರೆದು ಅಂಟಿಸಿ ಅಂತ ನಾವು ಹಟ ಹಿಡಿದೆವು. ಈಗ ಮಕ್ಕಳೇ ಓದಿ ಹೇಳುತ್ತಾರೆ.

ಕಾನೂನು ಸ್ಟೇಟ್‌ನಿಂದ ಸ್ಟೇಟ್‌ಗೆ ಬೇರೆ. ನ್ಯೂಯಾರ್ಕ್‌ನಲ್ಲಿ 2016ರಿಂದ ಸರ್ಕಾರಿ ಸ್ಕೂಲುಗಳು ಟೆಸ್ಟ್ ಮಾಡಲೇಬೇಕು, ಈಗ ಅಲ್ಲಿನ ಮಿತಿ 5. ಮಿಷಿಗನ್‌ನಲ್ಲಿ 2023ರಲ್ಲಿ ಕಾನೂನು ತಂದು, ಮೊದಲು ಫಿಲ್ಟರ್ ಹಾಕಿ, ಆಮೇಲೆ ಟೆಸ್ಟ್ ಮಾಡಿ ಅಂದರು. 2014ರಲ್ಲಿ ಅಲ್ಲಿನ ಫ್ಲಿಂಟ್ ಊರಿನ ನಲ್ಲಿ ನೀರಿಗೆ ಸೀಸ ಸೇರಿ ಅನಾಹುತ ಆದ ಮೇಲೆ ಬುದ್ಧಿ ಬಂತು ಅನ್ನಿ. ನಿಮ್ಮ ಸ್ಟೇಟ್‌ನಲ್ಲಿ ಮಿತಿ ಎಷ್ಟು ಅಂತ ನೋಡಿಕೊಂಡು ಇಮೇಲ್ ಬರೆಯಿರಿ.

ಸುಮ್ನೆ ಓದುವವ:

ಕುದಿಸುವ ವಿಷಯ ನನಗೆ ಹೊಸದು, ಥ್ಯಾಂಕ್ಸ್ ಸರ್. ಆದರೆ ಒಂದು ಅನುಮಾನ. ನಮ್ಮ ಕಾಲದಲ್ಲಿ ಯಾರೂ ಇದೆಲ್ಲ ಟೆಸ್ಟ್ ಮಾಡಲಿಲ್ಲ, ನಾವೆಲ್ಲ ಬದುಕಿಲ್ವಾ?

ನೀರಿನ ಲ್ಯಾಬ್‌ನವ:

ಬದುಕಿದ್ದೀವಿ ಸರ್. ಬುದ್ಧಿಮತ್ತೆಯಲ್ಲಿ (ಐಕ್ಯೂ) ಎಷ್ಟು ಅಂಕ ಕಳೆದುಕೊಂಡ್ವಿ ಅಂತ ಯಾರೂ ಅಳೆಯಲಿಲ್ಲ ಅಷ್ಟೇ.

ಇಬ್ಬರು ಮಕ್ಕಳ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿಟಿಎಯವರು ಹೇಳಿದ ಹಾಗೇ ಬರೆದೆ, ಲ್ಯಾಬ್ ರಿಪೋರ್ಟ್ ಬಂತು. ಮಗಳ ಕ್ಲಾಸಿನ ಸಿಂಕ್ ಪಕ್ಕದ ನಲ್ಲಿಯೇ 22. ನನಗೆ ಕೈಕಾಲು ತಣ್ಣಗಾಯಿತು. 30 ಸೆಕೆಂಡ್ ಬಿಟ್ಟು ತೆಗೆದದ್ದು 2. ಅದನ್ನ ಬಂದ್ ಮಾಡಿದ್ದೇವೆ ಅಂದರು, ಆದರೆ ಮಗಳನ್ನ ಕೇಳಿದರೆ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರಂತೆ, ಹುಡುಗರು ಸರಿಸಿ ಕುಡಿಯುತ್ತಾರಂತೆ. ಅಡುಗೆಮನೆಯ ನಲ್ಲಿ 3. ಲೈಬ್ರರಿ ಎದುರಿನ ಫೌಂಟನ್ ಪಟ್ಟಿಯಲ್ಲೇ ಇಲ್ಲ. ರಕ್ತಪರೀಕ್ಷೆ ಮಾಡಿಸಬೇಕಾ?

ನೀರಿನ ಲ್ಯಾಬ್‌ನವ:

ಮಾಡಿಸಿ ಮೇಡಂ, ಬೇಗ ಮಾಡಿಸಿ. ರಕ್ತದಲ್ಲಿ ಸೀಸ ಜಾಸ್ತಿ ದಿನ ನಿಲ್ಲುವುದಿಲ್ಲ, ಸುಮಾರು ಒಂದು ತಿಂಗಳಿಗೆ ಅರ್ಧಕ್ಕೆ ಇಳಿಯುತ್ತದೆ, ಒಂದಷ್ಟು ಮೂಳೆಗೆ ಹೋಗಿ ಕೂರುತ್ತದೆ. ತಡ ಮಾಡಿದರೆ ಕುಡಿದದ್ದು ಎಷ್ಟು ಅಂತ ಗೊತ್ತಾಗುವುದೇ ಇಲ್ಲ. ಮಕ್ಕಳ ಡಾಕ್ಟರ್‌ಗೆ ಈ ರಿಪೋರ್ಟ್ ತೋರಿಸಿ. ಇಲ್ಲಿ ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಇಟ್ಟಿರುವ ಗುರುತು ಒಂದು ಡೆಸಿಲೀಟರ್ ರಕ್ತಕ್ಕೆ 3.5 ಮೈಕ್ರೋಗ್ರಾಂ. ಅದಕ್ಕಿಂತ ಜಾಸ್ತಿ ಬಂದರೆ ನೀರನ್ನ ಮಾತ್ರ ದೂರಬೇಡಿ, ಮನೆಯ ಹಳೇ ಬಣ್ಣದ ಪುಡಿಯನ್ನೂ ನೋಡಿಸಿ. 1978ಕ್ಕಿಂತ ಮುಂಚಿನ ಮನೆಯಾದರೆ ಖಂಡಿತ.

22 ಮತ್ತು 2 ಅಂದರೆ ಒಳ್ಳೆಯ ಸುದ್ದಿಯೇ. ಪೈಪು ಬಹುಶಃ ಸರಿ ಇದೆ, ನಲ್ಲಿ ಕೆಟ್ಟದ್ದು. ನಲ್ಲಿಯನ್ನ, ಅದರ ಹಿಂದಿನ ಜೋಡಣೆಯನ್ನ ಬದಲಿಸಿದರೆ ಸಾಕಾಗಬಹುದು. ಬದಲಿಸಿದ ಮೇಲೆ ಕೆಲವು ವಾರ ಕುಡಿಯುವುದಕ್ಕಲ್ಲದೆ ಬೇರೆ ಕೆಲಸಕ್ಕೆ ಬಳಸಿ, ಮತ್ತೆ ಟೆಸ್ಟ್ ಮಾಡಿಸಲಿ. ಹೊಸ ಹಿತ್ತಾಳೆಯೂ ಶುರುವಿನಲ್ಲಿ ಸ್ವಲ್ಪ ಬಿಡುತ್ತದೆ. ಎರಡನೇ ರಿಪೋರ್ಟ್ ಬರುವ ತನಕ ಅದು ಕುಡಿಯುವ ನಲ್ಲಿ ಅಲ್ಲ.

ಪ್ಲಾಸ್ಟಿಕ್ ಚೀಲ ಕಟ್ಟುವುದನ್ನ ಬಂದ್ ಮಾಡುವುದು ಅನ್ನುವುದಿಲ್ಲ. ಸಿಂಕ್ ಕೆಳಗಿನ ವಾಲ್ವ್ ತಿರುಗಿಸಿ ನೀರೇ ಬರದ ಹಾಗೆ ಮಾಡಬೇಕು, ಎರಡು ನಿಮಿಷದ ಕೆಲಸ. ಇದನ್ನ ಈಗಲೇ ಬರೆದು ಕಳಿಸಿ, ನಾಳೆ ಅಲ್ಲ. ಅದೇ ಇಮೇಲಿನಲ್ಲಿ ಲೈಬ್ರರಿ ಎದುರಿನ ಫೌಂಟನ್ ಯಾಕೆ ಪಟ್ಟಿಯಲ್ಲಿಲ್ಲ ಅಂತಲೂ ಕೇಳಿ. ಟೆಸ್ಟ್ ಮಾಡಿಲ್ಲ ಅಂದರೆ ಅದನ್ನೂ ಮುಚ್ಚಲಿ. ನಿಮ್ಮ ಚಿಕ್ಕವನು ಮೊದಲ ದಿನ ಓಡಿಹೋಗುವುದು ಅಲ್ಲಿಗೇ.