ಕೆಲಗೇರಿ ಕೆರಿ ಪಿಕಳಾರಕ್ಕ ಬಿಳಿ ಚುಕ್ಕಿ: ಲೈಬೀರಿಯನ್ ಗ್ರೀನ್‌ಬುಲ್ ಕಥಿನ ಇಲ್ಲೂ?

ಧಾರವಾಡ_ಬೆಳಗು:
ಕೆಲಗೇರಿ ಕೆರಿ ದಂಡಿಗೆ ಒಂದು ಕೆಂಪುಬುಡದ ಪಿಕಳಾರದ ರೆಕ್ಕಿ ಗರಿ ತುದಿಗೆ ಬಿಳಿ ಚುಕ್ಕಿ ಅದಾವು. ಆಫ್ರಿಕಾದ ಮಳೆಕಾಡಿನ ಲೈಬೀರಿಯನ್ ಗ್ರೀನ್‌ಬುಲ್ಲನ್ನ ಇಂಥ ಚುಕ್ಕಿ ನೋಡೇ ಬ್ಯಾರೆ ಪ್ರಭೇದ ಅಂದಿದ್ರಲ್ಲ, ಆಮೇಲೆ ಯಾಕ ತಗದ್ರು? ಇದನ್ನ ಇಬರ್ಡ್‌ನ್ಯಾಗ (ಕಂಡ ಹಕ್ಕಿ ದಾಖಲಿಸೂ ಜಾಲತಾಣ) ಏನಂತ ಹಾಕೂದ್ರಿ?

ಉಣಕಲ್_ದಂಡೆ:
ಗ್ರೀನ್‌ಬುಲ್ ಅಂದ್ರ ನಮ್ಮ ಪಿಕಳಾರದ ಕುಟುಂಬದ್ದ ಹಕ್ಕಿ. ಲೈಬೀರಿಯಾದ ಆಗ್ನೇಯಕ್ಕಿರೋ ಕವಾಲಾ ಕಾಡಿನ್ಯಾಗ ಅದು ಕಂಡಿದ್ದು 1981ರಿಂದ 1984ರ ನಡುವ ಮಾತ್ರ. ಕೈಗೆ ಸಿಕ್ಕ ಸ್ಪೆಸಿಮನ್ ಒಂದ, 1984ರದ್ದು. 1985ರಾಗ ಪಕ್ಷಿತಜ್ಞ ವುಲ್ಫ್ ಗಾಟರ್ ಅದಕ್ಕ ಹೆಸರಿಟ್ರು. ಮುಂದ ಅಲ್ಲಿ ಅಂತರ್ಯುದ್ಧ, ಕಾಡಿಗೆ ಹೋಗಿ ಹುಡುಕೂದ ಕಷ್ಟ ಆತು.

ತೊಡಕಿರೂದು ಆ 'ಒಂದ' ಅನ್ನೂದ್ರಾಗ. ಒಂದು ಹಕ್ಕಿ ಮ್ಯಾಲ ಆ ಚುಕ್ಕಿ ಜಾತಿ ಗುಣನೋ, ಆ ಹಕ್ಕಿದಷ್ಟ ದೋಷನೋ ಹೇಳಾಕ ಬರಂಗಿಲ್ಲ. ಚುಕ್ಕಿ ಬಿಟ್ರ ಅದು ಇಕ್ಟರಿನ್ ಗ್ರೀನ್‌ಬುಲ್ ಅನ್ನೂ ಮೊದಲ ಗೊತ್ತಿದ್ದ ಪ್ರಭೇದದಂಗ ಇತ್ತು. ಸ್ಕಾಟ್ಲೆಂಡಿನ ಅಬರ್ಡೀನ್ ಮತ್ತ ಜರ್ಮನಿಯ ಡ್ರೆಸ್ಡನ್‌ನ ವಿಜ್ಞಾನಿಗಳು ಬ್ಯಾರೆ ಬ್ಯಾರೆಯಾಗಿ ಡಿಎನ್‌ಎ ನೋಡಿ, 2017ರಾಗ ಎರಡಕ್ಕೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ ಅಂದ್ರು. ಉಳಿದ ಗ್ರೀನ್‌ಬುಲ್ ಪ್ರಭೇದಗಳ ನಡುವ ವ್ಯತ್ಯಾಸ ಸ್ಪಷ್ಟ ಕಂಡಿತ್ತು. ಅದಕ್ಕ ಈ ಮಾತಿಗೆ ತೂಕ. ಗರಿ ಬೆಳಿಯೂ ಹೊತ್ತಿಗೆ ಆಹಾರದ ಕೊರತೆ ಆಗಿ ಬಿಳಿ ಬಿದ್ದಿರಬಹುದು ಅನ್ನೂದು ಅವರ ಅಂದಾಜು.

ಮಾಗಡಿ_ಬಾತು:
ನಿಮ್ಮ ಹಕ್ಕಿಗೆ ಬರೂಣ. ಮೊದಲ ಅದು ಖರೇನ ಚುಕ್ಕಿ ಹೌದೋ ನೋಡ್ರಿ. ಕೆಂಪುಬುಡದ ಪಿಕಳಾರದ ಸೊಂಟ ಬಿಳಿ, ಬಾಲದ ತುದಿ ಬಿಳಿ, ಮೈಗರಿ ಅಂಚು ಮಾಸಲು. ರೆಕ್ಕಿ ಇಳಿಬಿಟ್ಟಾಗ ಮೋಸ ಆಗ್ತದ. ಬಿಸಿಲಿಗೆ ಕ್ಯಾಮೆರಾದ ಎಕ್ಸ್‌ಪೋಜರ್ −0.7ಕ್ಕ ಇಳಸ್ರಿ, ಇಲ್ಲಂದ್ರ ಮಾಸಲು ಅಂಚೂ ಬೆಳ್ಳಗ ಬೀಳ್ತದ. ಹಾರೂ ಹೊತ್ತಿಗೆ ಶಟರ್ 1/2000 ಇಟ್ಟು, ಎರಡೂ ರೆಕ್ಕಿ ಬಿಚ್ಚಿದ ಫೋಟೋ ತಗೀರಿ.

ಗೂಡಿನ್ಯಾಗ ಮರಿಯ ರೆಕ್ಕಿಗರಿ ಹೆಚ್ಚುಕಡಿಮಿ ಒಮ್ಮೆಲೆ ಬೆಳಿತಾವು. ಆಗ ಕೊರತೆ ಆಗಿದ್ರ ಗುರುತು ಗರಿಯಿಂದ ಗರಿಗೆ ಸಾಲಾಗಿ ಬರ್ತದ. ದೊಡ್ಡ ಹಕ್ಕಿ ಗರಿ ಒಂದಾದ ಮ್ಯಾಲ ಒಂದು ಉದುರಿಸ್ತದ, ಅದಕ್ಕ ಗುರುತು ಮ್ಯಾಲ ಕೆಳಗ ಆಗಿರ್ತದ. ಗರಿ ಬದಲಾದ ಮ್ಯಾಲ ಚುಕ್ಕಿ ಹೋದ್ರ ಅನುವಂಶಿಕ ಅಲ್ಲ ಅನ್ನಾಕ ಬಲ ಬರ್ತದ. ಉಳಿದ್ರ ಲ್ಯೂಸಿಸಮ್ (ಹುಟ್ಟಿನಿಂದ ಗರಿಗೆ ಬಣ್ಣ ಬರದ ಅನುವಂಶಿಕ ದೋಷ) ಇರಬಹುದು, ಖಾತ್ರಿ ಅಲ್ಲ. ಕೊರತೆ ಮುಂದುವರದಿದ್ರೂ ಉಳಿತದ.

ಉಣಕಲ್_ದಂಡೆ:
ಇಬರ್ಡ್‌ನ್ಯಾಗ ಕೆಂಪುಬುಡದ ಪಿಕಳಾರ ಅಂತನ ಹಾಕ್ರಿ. ಯಾವ ಗರಿ, ಎರಡೂ ಕಡೆ ಐತೋ ಇಲ್ಲೋ ಅನ್ನೂದನ್ನ ಟಿಪ್ಪಣಿಯೊಳಗ ಬರೀರಿ. ಹಕ್ಕಿ ಹಿಡಿಯೂದಂತೂ ಬ್ಯಾಡ, ಕಾನೂನಿಗೆ ವಿರುದ್ಧ.