ಕೈಂಡ್ ಆಫ್ ಬ್ಲೂ ಮೂರು ಸಲ ಕೇಳಿದೆ, ಒಳಗೆ ಹೋಗಲು ಆಗುತ್ತಿಲ್ಲ. ನೀವು ಹೇಗೆ ಕೇಳಿದಿರಿ?

ತಂಬೂರಿ_ತಂತಿ:
ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಂದಿನಿಂದ ಕೇಳಿದ್ದು ಹಿಂದೂಸ್ತಾನಿ, ಭಾವಗೀತೆ, ಸ್ವಲ್ಪ ಯಕ್ಷಗಾನ. ಈ ಮಳೆಗಾಲ ಒಂದು ನಿಯಮ ಹಾಕಿಕೊಂಡಿದ್ದೇನೆ. ವಾರಕ್ಕೆ ಒಂದೇ ಆಲ್ಬಂ, ಮೊದಲಿಂದ ಕೊನೆಯವರೆಗೆ, ಮಧ್ಯೆ ಏಳುವಂತಿಲ್ಲ.

ಮೊದಲ ವಾರ 'ಕಾಲ್ ಆಫ್ ದ ವ್ಯಾಲಿ' (1967). ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಕುರಿಗಾಹಿಯ ಒಂದು ದಿನದ ಕಥೆ. ಅಹಿರ್ ಭೈರವದಲ್ಲಿ ಬೆಳಗಾಗುತ್ತದೆ, ಪಹಾಡಿಗೆ ಮುಗಿಯುತ್ತದೆ. ಕಾಬ್ರಾ ಅವರ ಗಿಟಾರಿನ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಕೇಳಿ ಗಂಟಲು ಕಟ್ಟಿತು, ಗಿಟಾರ್ ಹೀಗೂ ಹಾಡುತ್ತದೆ ಅಂತ ಗೊತ್ತೇ ಇರಲಿಲ್ಲ.

ಎರಡನೇ ವಾರ ಜಾಸ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' (1959). ಚೆನ್ನಾಗಿದೆ ಅನಿಸುತ್ತದೆ, ಆದರೆ ಎಲ್ಲಿ ಹಿಡಿದುಕೊಳ್ಳಬೇಕು ಅಂತ ತಿಳಿಯುತ್ತಿಲ್ಲ. ಮೊದಲ ಟ್ರ್ಯಾಕ್ 'ಸೋ ವಾಟ್' ಒಂಬತ್ತು ನಿಮಿಷ ಇದೆ. ನಡುವೆ ಆಧಾರ ಸ್ವರವಾದ ಷಡ್ಜವೇ ಜಾರಿ ಹೋದ ಹಾಗಾಗುತ್ತದೆ. 'ಬ್ಲೂ ಇನ್ ಗ್ರೀನ್' ಮಾತ್ರ ತುಂಬಾ ಹಿಡಿಸಿತು. ಜಾಸ್ ಕೇಳುವವರು ದಾರಿ ತೋರಿಸಿ, ದಯವಿಟ್ಟು.

ಕಪ್ಪು_ಮೂರು:
ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ. ಷಡ್ಜ ನಿಜವಾಗಿಯೂ ಜಾರುತ್ತದೆ!

ಹಾರ್ಮೋನಿಯಂ ಇದ್ದರೆ ಬಿಳಿ ಎರಡಕ್ಕೆ, ಅಂದರೆ ಎರಡನೇ ಬಿಳಿ ಮನೆಗೆ (ಪಾಶ್ಚಾತ್ಯರ D), ಷಡ್ಜ ಇಟ್ಟುಕೊಳ್ಳಿ. 'ಸೋ ವಾಟ್' ನಡೆಯುವುದು ಡೋರಿಯನ್ ಅನ್ನುವ ಸ್ವರಸಾಲಿನಲ್ಲಿ. ಅದೇ ನಮ್ಮ ಹಿಂದೂಸ್ತಾನಿಯ ಕಾಫಿ ಥಾಟ್, ಕರ್ನಾಟಕ ಸಂಗೀತದವರಿಗೆ ಖರಹರಪ್ರಿಯ. ನಾಲ್ಕು ಎಣಿಕೆಗೆ ಒಂದು ಬಾರ್, 32 ಬಾರಿಗೆ ಒಂದು ಸುತ್ತು. ಮೊದಲ 16 ಬಾರ್ ಬಿಳಿ ಎರಡು. ಆಮೇಲೆ 8 ಬಾರ್ ಇಡೀ ಸಾಲನ್ನೇ ಎತ್ತಿ ಕಪ್ಪು ಎರಡಕ್ಕೆ ಇಡುತ್ತಾರೆ. ಕೊನೆಯ 8 ಬಾರಿಗೆ ಮತ್ತೆ ಬಿಳಿ ಎರಡಕ್ಕೆ ಬರುತ್ತಾರೆ. ಹಾಗೆ ಮನೆಗೆ ಬರುವಾಗ ಸಮ್ (ತಾಳದ ಮೊದಲ ಪೆಟ್ಟು) ಸಿಕ್ಕಷ್ಟೇ ಸಂತೋಷ ಆಗುತ್ತದೆ ನನಗೆ.

ಮೊದಲು ಪಾಲ್ ಚೇಂಬರ್ಸ್ ಅವರ ಬಾಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ಒಂದು ಮಾತು ಆಡುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಹೂಂ ಅನ್ನುತ್ತಾರೆ. ಆಮೇಲೆ ಟ್ರಂಪೆಟ್‌ನಲ್ಲಿ ಮೈಲ್ಸ್, ಸ್ಯಾಕ್ಸೊಫೋನ್‌ನಲ್ಲಿ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೊದಲ್ಲಿ ಬಿಲ್ ಇವಾನ್ಸ್, ಇದೇ ಕ್ರಮದಲ್ಲಿ ಒಬ್ಬೊಬ್ಬರ ಸರದಿ. ಒಂದೇ ರಾಗವನ್ನು ನಾಲ್ಕು ಜನ ಹಾಡಿದಂತೆ ಕೇಳಿ. ಮೈಲ್ಸ್ ಜಾಗ ಬಿಟ್ಟು ಬಿಟ್ಟು ನುಡಿಸುತ್ತಾರೆ, ಕೋಲ್ಟ್ರೇನ್ ತಾನ್ (ವೇಗದ ಸ್ವರಗಳ ಸಾಲು) ಮೇಲೆ ತಾನ್.

ಹಳೇ_ರೆಕಾರ್ಡು:
ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಬಿಳಿ ಎರಡಕ್ಕೆ ಇಟ್ಟಾಗ ಶ್ರುತಿ ಚೂರು ಏರಿದಂತೆ ಕೇಳಿಸಿದರೆ ಹಾರ್ಮೋನಿಯಂ ತಪ್ಪಲ್ಲ. ಮಾರ್ಚ್ 2ರ ರೆಕಾರ್ಡಿಂಗ್ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಎಲ್‌ಪಿಯ ಮೊದಲ ಬದಿಯ ಮೂರೂ ಟ್ರ್ಯಾಕ್ ಸರಿಯಾದ ವೇಗದ ಯಂತ್ರದಲ್ಲಿ ಹಾಕಿದಾಗ ಏರು ಶ್ರುತಿಯಲ್ಲಿ ಬಂದವು. ಅದನ್ನು ಸರಿ ಮಾಡಿದ್ದು 1992ರಲ್ಲಿ, ಅಂದರೆ 33 ವರ್ಷ ಜನ ಏರು ಶ್ರುತಿಯಲ್ಲೇ ಕೇಳಿದ್ದಾರೆ. ಜೊತೆಗೆ ನುಡಿಸಿ ಕಲಿಯುವುದಾದರೆ ಹೊಸ ಪ್ರತಿಯನ್ನೇ ಹಿಡಿಯಿರಿ.

ಪಾಣೆಮಂಗಳೂರು_ಕಡೆಯವ:
ಇದು ಮುಗಿದ ಮೇಲೆ 'ಕಿನ್ಸ್‌ಮನ್' (2008) ಕೇಳಲೇಬೇಕು. ಅಮೆರಿಕದ ಜಾಸ್ ಕಲಾವಿದ ರುದ್ರೇಶ್ ಮಹಾಂತಪ್ಪ ಅವರ ಜೊತೆ ನಮ್ಮ ಕದ್ರಿ ಗೋಪಾಲನಾಥ್ ನುಡಿಸಿದ್ದಾರೆ, ಪಿಟೀಲು ಕನ್ಯಾಕುಮಾರಿ ಅವರದು. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಕಣ್ಣು ಮುಚ್ಚಿ ಕೇಳಿದರೂ ಯಾರು ಯಾರು ಅಂತ ಗೊತ್ತಾಗುತ್ತದೆ. ಮಹಾಂತಪ್ಪ ಸ್ವರದಿಂದ ಸ್ವರಕ್ಕೆ ನೆಗೆಯುತ್ತಾರೆ, ಕದ್ರಿಯವರು ಗಮಕದಲ್ಲಿ ಜಾರಿಕೊಂಡು ಹೋಗುತ್ತಾರೆ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ನಾಗಸ್ವರ ಮನೆತನದ ಹುಡುಗ ಅವರು. ಆ ನಾಗಸ್ವರದ ಉಸಿರು ಇಲ್ಲೂ ಕೇಳಿಸುತ್ತದೆ. ಎರಡೂ ಸಂಗೀತ ಒಂದಕ್ಕೊಂದು ಜಾಗ ಕೊಟ್ಟ ಆಲ್ಬಂ ಇದು, ಸುಮ್ನೆ ಫ್ಯೂಷನ್ ಅಂತ ಹೆಸರು ಹಚ್ಚಿದ್ದಲ್ಲ.

ಮಳೆ_ಮತ್ತು_ಚಹಾ:
ರಾಕ್ ಬೇಕಿದ್ದರೆ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973). ನಿಮ್ಮ ನಿಯಮಕ್ಕೆ ಹೇಳಿ ಮಾಡಿಸಿದ್ದು. ಎದೆಬಡಿತದಿಂದ ಶುರು, ಎದೆಬಡಿತಕ್ಕೇ ಕೊನೆ, ಹಾಡುಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲ ಬದಿಯ ಕೊನೆಗೆ ಕ್ಲೇರ್ ಟೋರಿ ಅವರ ದನಿ ಬರುತ್ತದೆ. ಒಂದು ಪದವೂ ಇಲ್ಲ, ಬರೀ ಆಲಾಪ ಮತ್ತು ಅಳು. ಅಮ್ಮ ಹೋದ ವರ್ಷ ನಾನು ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕ ಇಲ್ಲ. ಎರಡನೇ ಬದಿಯ 'ಮನಿ' ಏಳರ ಎಣಿಕೆಯಲ್ಲಿದೆ, ಮಿಶ್ರಛಾಪು ಗೊತ್ತಿದ್ದವರಿಗೆ ಕಷ್ಟವೇ ಇಲ್ಲ. ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ತಿರುಗುತ್ತದೆ, ಆ ತಿರುವನ್ನು ಬಿಡಬೇಡಿ.

ತಂಬೂರಿ_ತಂತಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತೆ. ಮೊದಲ ಎರಡು ಸುತ್ತು ಎಣಿಸಿದೆ, ಮೂರನೇ ಸುತ್ತಿನಿಂದ ಎಣಿಸದೆಯೇ ಕಪ್ಪು ಎರಡು ಬರುವುದು ಮೊದಲೇ ಗೊತ್ತಾಗತೊಡಗಿತು. ಕೋಲ್ಟ್ರೇನ್ ಸರದಿ ಬರುವಷ್ಟರಲ್ಲಿ ಕೈ ತಾನಾಗಿಯೇ ತೊಡೆ ತಟ್ಟುತ್ತಿತ್ತು. ಈಗ 'ಬ್ಲೂ ಇನ್ ಗ್ರೀನ್' ಎಣಿಸಲು ಹೋದರೆ ಎಲ್ಲೂ ಕೂಡುತ್ತಿಲ್ಲ. ಅದರ ಸುತ್ತು ಎಷ್ಟರದು?

ಕಪ್ಪು_ಮೂರು:
ಹತ್ತು ಬಾರ್. ಮೊದಲ ನಾಲ್ಕು ಬಾರ್ ಪೀಠಿಕೆ, ಅದನ್ನು ಬಿಟ್ಟು ಎಣಿಸಿ. ಆಮೇಲೆ ಅದೇ ಹತ್ತನ್ನು ಒಬ್ಬರು ವಿಳಂಬದಲ್ಲಿ, ಇನ್ನೊಬ್ಬರು ದುಗುಣದಲ್ಲಿ (ಎರಡರಷ್ಟು ವೇಗದಲ್ಲಿ) ನುಡಿಸುತ್ತಾರೆ, ಅದಕ್ಕೇ ಕೂಡುತ್ತಿಲ್ಲ. ಪಿಯಾನೊದ ಎಡಗೈ ಹಿಡಿದು ಹೋಗಿ, ಸಿಗುತ್ತದೆ.